ಹಬ್ಬದ ಪಾಳಿ ಪ್ರತಿ ಸಲ ನಮಗೇ ಏಕೆ?

ಮಾನ್ಯರೇ,

ಪೀಣ್ಯದ ಒಂದು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ನನ್ನ ಕೆಲಸ. ಹಬ್ಬ ಅಂತ ಬಾಯ್ಲರ್ ಆರಿಸಲು ಆಗುವುದಿಲ್ಲ, ಯಾರಾದರೂ ಇರಲೇಬೇಕು. ಯುಗಾದಿ, ದೀಪಾವಳಿ ಬಂದರೆ ‘ನಿನಗೇನು, ಮಕ್ಕಳಿಲ್ಲ, ನೀನೇ ನೋಡಿಕೋ’ ಅನ್ನುತ್ತಾರೆ. ಪುಟ್ಟ ಮಕ್ಕಳಿರುವ ಗೆಳೆಯರಿಗಾಗಿ ಎಷ್ಟೋ ಸಲ ಖುಷಿಯಿಂದಲೇ ಮಾಡಿದ್ದೇನೆ, ಆ ಮಕ್ಕಳು ಅಪ್ಪನ ಜೊತೆ ಪಟಾಕಿ ಹಚ್ಚಲಿ ಅಂತ. ಆದರೆ ಹಾಸನದ ಹಳ್ಳಿಯಲ್ಲಿ ನನ್ನ ಅಮ್ಮನೂ ಬಾಗಿಲು ನೋಡುತ್ತಾ ಕೂತಿರುತ್ತಾಳೆ, ಅಲ್ವಾ?

1963ರ ನಮ್ಮ ರಾಜ್ಯದ ಹಬ್ಬದ ರಜೆ ಕಾಯ್ದೆ ಪ್ರಕಾರ ರಜೆ ದಿನ ದುಡಿದವರಿಗೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆ ಬೇರೊಂದು ದಿನ ಸಂಬಳದ ರಜೆ ಸಿಗಬೇಕು. ನಮ್ಮಲ್ಲಿ ಅದನ್ನು ಕೇಳಿದರೆ ಜಗಳ. ಪಾಳಿ ಪಟ್ಟಿಯನ್ನು ತಿಂಗಳು ಮೊದಲೇ ಹಾಕಿ, ಈ ದೀಪಾವಳಿಗೆ ದುಡಿದವರನ್ನು ಮುಂದಿನ ದೀಪಾವಳಿಗೆ ಊರಿಗೆ ಕಳಿಸಿ.

– ಒಬ್ಬ ಕಾರ್ಮಿಕ, ಬೆಂಗಳೂರು