ಅಮ್ಮಂಗೆ, ಪೋರ್ಟ್‌ಲ್ಯಾಂಡಿಂದ

ಅಮ್ಮಾ,

ಹೇಗಿದೀಯ? ಮಂಡಿ ನೋವು ಕಮ್ಮಿ ಆಯ್ತಾ? ಭಾನುವಾರ ಫೋನಲ್ಲಿ ಕೇಳಿದ್ಯಲ್ಲ, ಒಂದು ಪುಸ್ತಕಕ್ಕೆ ಯಾಕೇ ಇಷ್ಟು ಬೇಜಾರು ಮಾಡ್ಕೊಂಡಿದೀಯ ಅಂತ, ಅಷ್ಟ್ರಲ್ಲಿ ಬಸ್ಸು ಬಂತು, ಸರಿಯಾಗಿ ಹೇಳಕ್ಕಾಗ್ಲಿಲ್ಲ. ಅದಕ್ಕೇ ಬರೀತಿದೀನಿ.

ಮೊದಲನೇ ಭಾಗದ ಕಥೆ ಹೇಳಿದ್ದೆ, ನೆನಪಿದ್ಯಾ? ಲಾರೆನ್ ಆಲಿವರ್ ಬರೆದಿದ್ದು, 'ಡೆಲಿರಿಯಂ' ಅಂತ, 2011ರಲ್ಲಿ ಬಂದಿದ್ದು. ಪ್ರೀತಿ ಅನ್ನೋದೇ ಒಂದು ರೋಗ ಅಂತ ಸರ್ಕಾರ ಸಾರಿಬಿಟ್ಟಿರುತ್ತೆ, 18 ತುಂಬಿದ ತಕ್ಷಣ ಎಲ್ರಿಗೂ ಮೆದುಳಿಗೆ ಆಪರೇಷನ್ನು, ಕಿವಿ ಹಿಂದೆ ಮೂರು ಮೊನೆ ಗಾಯದ ಗುರುತು, ಮದುವೆಗೆ ಗಂಡು ಯಾರು ಅಂತಾನೂ ಅವರೇ ಗೊತ್ತು ಮಾಡೋದು. ಲೀನಾಗೆ ಆಪರೇಷನ್ ಆಗಕ್ಕೆ ಇನ್ನು 95 ದಿನ ಇದೆ ಅನ್ನೋವಾಗ ಕಥೆ ಶುರು, ಅಷ್ಟ್ರಲ್ಲಿ ಅಲೆಕ್ಸ್ ಸಿಗ್ತಾನೆ, ಕೊನೆಗೆ ಇಬ್ರೂ ಬೇಲಿ ದಾಟಿ ಓಡೋವಾಗ ಅವಳು ಮಾತ್ರ ಆಚೆ ಹೋಗ್ತಾಳೆ, ಅವನು ಗಾಯ ಆಗಿ ಈಚೆನೇ ನಿಂತುಬಿಡ್ತಾನೆ. ಅವತ್ತು ನೀನು ಪಾಪ ಅಂದು ಸುಮ್ನಾಗಿದ್ದೆ.

ಆ ಕಥೆ ನಡೆಯೋದು ಇದೇ ಊರಲ್ಲೇ ಅಮ್ಮಾ, ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡಲ್ಲಿ. ನಾನು ಸಂಜೆ ವಾಕ್ ಹೋಗ್ತೀನಲ್ಲ ಬ್ಯಾಕ್ ಕೋವ್ ಸುತ್ತ, ಸುಮಾರು 3.5 ಮೈಲಿ ದಾರಿ, ಅದೇ ಜಾಗ ಆ ಪುಸ್ತಕದಲ್ಲೂ ಬರುತ್ತೆ. ಸಮುದ್ರ ಇಳಿದಾಗ ಅಲ್ಲಿ ಬರೀ ಕೆಸರು, ಹೊಳೆಬಾಗಿಲಲ್ಲಿ ಬೇಸಿಗೇಲಿ ಹಿನ್ನೀರು ಇಳಿದಾಗ ಬರ್ತಿತ್ತಲ್ಲ ಆ ಥರದ್ದೇ ಒಂದು ವಾಸನೆ, ಹಕ್ಕಿಗಳು ಕೆಸರಲ್ಲಿ ಕೊಕ್ಕು ಹಾಕಿ ಏನೋ ಹುಡುಕ್ತಿರ್ತವೆ. ಬಂದ ಹೊಸದ್ರಲ್ಲಿ ಯಾರೂ ಗೊತ್ತಿಲ್ದೆ ಇರೋವಾಗ ಆ ಪುಸ್ತಕ ಓದಿದ್ಮೇಲೇನೇ ಈ ಊರು ಸ್ವಲ್ಪ ನಂದು ಅನ್ನಿಸಿದ್ದು.

ಎರಡನೇದು 'ಪ್ಯಾಂಡಮೋನಿಯಂ', 2012ರದ್ದು. ಮಾನ್ಯುಮೆಂಟ್ ಸ್ಕ್ವೇರ್ ಹತ್ರದ ಲೈಬ್ರರಿಯಿಂದ ತಂದೆ, ಎರಡು ರಾತ್ರೀಲಿ ಮುಗಿಸ್ದೆ, ಮುಗಿಸಿ ಅತ್ತೆ, ಆಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಮೊದ್ಲು ಇಷ್ಟ ಆಗಿದ್ದು ಹೇಳ್ತೀನಿ. ಬೇಲಿ ದಾಟಿದ ಲೀನಾ ಕಾಡಲ್ಲಿ ಸಾಯೋ ಹಾಗೆ ಬಿದ್ದಿರ್ತಾಳೆ, ರೇವನ್ ಅನ್ನೋಳು ಎತ್ಕೊಂಡು ಬಂದು ಉಳಿಸ್ತಾಳೆ. ಸಮಾಧಾನ ಗಿಮಾಧಾನ ಏನೂ ಇಲ್ಲ, ಇರ್ಬೇಕು ಅಂದ್ರೆ ಕೆಲ್ಸ ಮಾಡು ಅನ್ನೋ ಥರದವಳು. ಲೀನಾ ಹೊಳೆಯಿಂದ ಬಕೆಟಲ್ಲಿ ನೀರು ತರ್ಬೇಕು, ಮೈಯಲ್ಲಿ ಶಕ್ತಿ ಇಲ್ಲ, ಕೈ ಉರಿಯುತ್ತೆ, ಆದ್ರೂ ಮಾರನೇ ದಿನ ಮತ್ತೆ ಹೋಗ್ತಾಳೆ. ಅಲೆಕ್ಸ್ ಸತ್ತೇಹೋದ ಅಂದ್ಕೊಂಡಿರ್ತಾಳೆ, ಆದ್ರೂ ಆ ವಿಷ್ಯ ಬಾಯ್ಬಿಟ್ಟು ಹೇಳಲ್ಲ, ನೀರು ಹೊರ್ತಾಳೆ ಅಷ್ಟೆ. ಅದನ್ನ ಓದ್ತಾ ಓದ್ತಾ ಅಜ್ಜಿ ತೀರ್ಕೊಂಡ ವಾರ ನೆನಪಾಯ್ತಮ್ಮ. ನೀವೆಲ್ಲ ಅಲ್ಲಿ ಒಟ್ಟಿಗೆ ಇದ್ರಿ, ನಂಗೆ ಬರಕ್ಕಾಗ್ಲಿಲ್ಲ, ಮಾರನೇ ದಿನ ಎದ್ದು ಲ್ಯಾಬಿಗೆ ಹೋದೆ, ಟ್ಯೂಬುಗಳಿಗೆ ಒಂದೊಂದಾಗಿ ಲೇಬಲ್ ಅಂಟಿಸ್ತಾ ಕೂತಿದ್ದೆ, ಪಕ್ಕದಲ್ಲಿದ್ದೋಳಿಗೂ ಹೇಳ್ಲಿಲ್ಲ. ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತಿತ್ತು. ಆ ಅಧ್ಯಾಯ ಬರೆದೋರಿಗೆ ಇದೆಲ್ಲ ಗೊತ್ತು. ಬ್ಲೂ ಅಂತ ಒಂದು ಪುಟ್ಟ ಹುಡುಗಿ ಇದೆ ಅದ್ರಲ್ಲಿ, ರೇವನ್‌ಗೆ ಸಿಕ್ಕಿದ ಮಗು, ಚಳಿಗಾಲದಲ್ಲಿ ಕಾಯಿಲೆ ಬಿದ್ದು ಹೋಗ್ಬಿಡುತ್ತೆ. ಅದ್ರ ಬಗ್ಗೆ ಜಾಸ್ತಿ ಬರೆಯಲ್ಲ, ನೀನು ಅಳ್ತೀಯ.

ಈಗ ಸಿಟ್ಟಿನ ವಿಷ್ಯ. ಈ ಪುಸ್ತಕದಲ್ಲಿ ಒಂದು ಅಧ್ಯಾಯ 'ಆಗ', ಮುಂದಿಂದು 'ಈಗ', ಮತ್ತೆ 'ಆಗ', ಹಿಂಗೇ ಹೋಗುತ್ತೆ. 'ಈಗ'ದಲ್ಲಿ ಲೀನಾ ನ್ಯೂಯಾರ್ಕಲ್ಲಿ ಆಪರೇಷನ್ ಆದವಳ ಥರ ನಾಟಕ ಮಾಡ್ಕೊಂಡು ಇರ್ತಾಳೆ, ಅಲ್ಲಿ ಜೂಲಿಯನ್ ಅಂತ ಹುಡುಗ. ಪ್ರೀತಿ ಇರ್ಲೇಬಾರ್ದು ಅಂತ ಹೋರಾಡೋ ಸಂಘದ ಮುಖ್ಯಸ್ಥನ ಮಗ. ಇಬ್ರನ್ನೂ ಹೊತ್ಕೊಂಡು ಹೋಗಿ ನೆಲದಡಿ ಒಂದು ಕೋಣೇಲಿ ಕೂಡಿ ಹಾಕ್ತಾರೆ, ಹತ್ರ ಆಗ್ತಾರೆ. ಹುಡುಗ ಕೆಟ್ಟೋನಲ್ಲ, ನಂಗೂ ಅಯ್ಯೋ ಅನ್ನಿಸ್ತು. ಅವನಿಗೆ ಆ ಆಪರೇಷನ್ ಮಾಡಿದ್ರೆ ಜೀವಾನೇ ಹೋಗ್ಬಹುದು, ಆದ್ರೂ ಅಪ್ಪ ಹೇಳಿದ್ದಕ್ಕೆ ತಯಾರಾಗಿರ್ತಾನೆ. ಆದ್ರೆ ನೋಡು, ಕಥೇಲಿ ಮಧ್ಯೆ ತಿಂಗಳುಗಟ್ಟಲೆ ಕಳೆದಿರುತ್ತೆ, ಓದೋ ನಂಗೆ ಮಾತ್ರ ಹತ್ತೇ ನಿಮಿಷ. ಈ ಪುಟದಲ್ಲಿ ಅಲೆಕ್ಸ್‌ಗೋಸ್ಕರ ಎದ್ದು ನಿಲ್ಲಕ್ಕಾಗದೆ ಬಿದ್ದಿರೋಳು ಪುಟ ತಿರುಗಿಸಿದ್ರೆ ಇನ್ನೊಬ್ಬನ ಕಣ್ಣು ನೋಡ್ತಿರ್ತಾಳೆ. ನಂಗೆ ಅಳೋಕೆ ಟೈಮೇ ಕೊಡ್ಲಿಲ್ಲ ಅನ್ನಿಸ್ತು. ಅವಳು ಇನ್ನೊಬ್ಬನ್ನ ಇಷ್ಟಪಟ್ಟಿದ್ದು ತಪ್ಪು ಅಂತ ಅಲ್ಲಮ್ಮ, 17-18ರ ಹುಡುಗಿ ಬದುಕ್ಲೇಬೇಕು. ಅಜ್ಜಿ ಹೋದ ಅದೇ ವಾರ ಕ್ಯಾಂಟೀನಲ್ಲಿ ಯಾರೋ ಏನೋ ಹೇಳಿದ್ದಕ್ಕೆ ನಾನೂ ಜೋರಾಗಿ ನಕ್ಕಿದ್ದೆ, ಆಮೇಲೆ ಬಾತ್ರೂಮಿಗೆ ಹೋಗಿ ನಿಂತಿದ್ದೆ. ಹಾಗಾಗಿ ಎರಡನೇ ಸಲ ಓದಿದಾಗ ಲೀನಾ ಮೇಲಿನ ಸಿಟ್ಟು ಕರಗ್ತು, ಕಥೆ ಜೋಡಿಸಿರೋ ರೀತಿ ಮೇಲಿಂದು ಹಾಗೇ ಉಳೀತು.

ಕೊನೆ ಪುಟದಲ್ಲಿ ಅಲೆಕ್ಸ್ ವಾಪಸ್ ಬರ್ತಾನೆ. ಜೀವಂತ! ಖುಷಿ ಆಗ್ಬೇಕಿತ್ತು, ಮೊದಲನೇ ಭಾಗ ಮುಗಿದಾಗ ಇದನ್ನೇ ತಾನೇ ನಾನು ಬೇಡ್ಕೊಂಡಿದ್ದು. ಪುಸ್ತಕ ಮುಚ್ಚಿ ಕೂತ್ಬಿಟ್ಟೆ. ಅಷ್ಟು ದಿನ ಅವಳು ಹೊತ್ತ ನೀರು, ಬಾಯ್ಬಿಡ್ದೆ ನುಂಗಿದ ಹೆಸರು, ಎಲ್ಲಾ ಯಾರಿಗೋಸ್ಕರ ಹಾಗಾದ್ರೆ? ಹೋದೋರು ಬಾಗಿಲು ತಟ್ಟಿ ಬರಲ್ವಲ್ಲಮ್ಮ. ಅಜ್ಜಿ ಬರ್ಲಿಲ್ಲ. ಈಗ ಇಬ್ರಲ್ಲಿ ಯಾರು ಅನ್ನೋ ಪ್ರಶ್ನೆ ಮುಂದಿನ ಭಾಗಕ್ಕೆ ಇಟ್ಕೊಂಡಿದಾರೆ, ಅಂಥ ದೊಡ್ಡ ದುಃಖಾನ ಇಷ್ಟು ಚಿಕ್ಕದು ಮಾಡ್ಬಾರ್ದಿತ್ತು.

ಆದ್ರೆ ಒಂದು ಮಾತ್ರ ಬಿಡಕ್ಕಾಗ್ತಿಲ್ಲ. ಲೀನಾ ಅಮ್ಮ ಸತ್ತೋಗಿದಾಳೆ ಅಂತ ಚಿಕ್ಕೋಳಿದ್ದಾಗಿಂದ ನಂಬಿಸಿರ್ತಾರೆ, ನಿಜಕ್ಕೂ ಅವಳು ಜೈಲಲ್ಲಿರ್ತಾಳೆ, ಆ ಗೋಡೆ ತುಂಬಾ ಪ್ರೀತಿ ಅನ್ನೋ ಒಂದೇ ಪದ ಕೊರೆದು ಕೊರೆದು ಅದ್ರಿಂದಾನೇ ತಪ್ಪಿಸ್ಕೊಂಡು ಹೋಗಿರ್ತಾಳೆ. ಈ ಭಾಗದಲ್ಲಿ ಅವಳು ಮಗಳ ಹತ್ರಾನೇ ಬರ್ತಾಳೆ, ಸಹಾಯ ಮಾಡ್ತಾಳೆ, ಮಗಳಿಗೆ ಗೊತ್ತೇ ಆಗಲ್ಲ. ಆ ಹೆಂಗಸಿನ ಮೈಮೇಲಿದ್ದ ಹಚ್ಚೆಯ ನಂಬರು ಅಮ್ಮನ ಜೈಲಿನ ನಂಬರೇ ಅಂತ ಹೊಳೆಯೋ ಹೊತ್ತಿಗೆ ಅಮ್ಮ ಹೋಗಾಗಿರುತ್ತೆ. ಕೆಲವೇ ಸಾಲು ಕೊಟ್ಟಿದಾರೆ ಅದಕ್ಕೆ. ಜೂಲಿಯನ್ ಅಧ್ಯಾಯ ಒಂದೆರಡು ಕಮ್ಮಿ ಮಾಡಿ ಇದನ್ನ ಬರೀಬಾರ್ದಿತ್ತಾ? ಅಲ್ಲಿ ಬೆರಳಿಟ್ಟು ಎಷ್ಟೋ ಹೊತ್ತು ಹಾಗೇ ಕೂತಿದ್ದೆ, ನಿಂಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ಬೆಳಗಿನ ಹೊತ್ತು, ನೀನು ಪೂಜೇಲಿ ಇರ್ತೀಯ ಅಂತ ಮಾಡ್ಲಿಲ್ಲ.

ಮೂರನೇದು 'ರಿಕ್ವೀಮ್', ಲೈಬ್ರರೀಲಿ ಬುಕ್ ಮಾಡಿದೀನಿ. ಸಿಟ್ಟಿದ್ರೂ ಓದ್ತೀನಿ, ಆ ಅಮ್ಮ ಮತ್ತೆ ಬರ್ತಾಳಾ ನೋಡ್ಬೇಕು. ನೀನು 'ಸುಧಾ' ಧಾರಾವಾಹಿಗೆ ಗುರುವಾರ ಯಾವಾಗ ಬರುತ್ತೋ ಅಂತ ಕಾಯ್ತಿದ್ದೆ ನೋಡು, ಹಂಗೇ ಆಗಿದೆ ನಂಗೀಗ. ನೀನೇ ಬರೆದಿದ್ರೆ ಅಲೆಕ್ಸ್‌ನ ವಾಪಸ್ ತರ್ತಿದ್ಯಾ, ಭಾನುವಾರ ಹೇಳು. ಅಜ್ಜಿ ಕನ್ನಡಕ ಇನ್ನೂ ಆ ಗೂಡಲ್ಲೇ ಇದ್ರೆ ಯಾರಿಗೂ ಕೊಡ್ಬೇಡ, ನಾನು ಬಂದಾಗ ತಗೋತೀನಿ.

ನಿನ್ನ ಮಗಳು