ತ್ಸೊ ಕರ್ ಉಪ್ಪು ಬಯಲಿನಲ್ಲಿ ಚಕ್ರದ ಗುರುತು

ಮಾನ್ಯರೇ,

ಕಳೆದ ಜೂನ್‌ನಲ್ಲಿ ನಾವು ಬೆಂಗಳೂರಿನ ಹನ್ನೆರಡು ಮಂದಿ, ಲೇಹ್‌ನಿಂದ ನಾಲ್ಕು ಫೋರ್‌ ವೀಲ್ ಡ್ರೈವ್ ವಾಹನಗಳಲ್ಲಿ ಹೊರಟು, 5,300 ಮೀಟರ್‌ಗೂ ಎತ್ತರದ ತಗ್ಲಂಗ್ ಲಾ ಕಣಿವೆಮಾರ್ಗ ದಾಟಿ ತ್ಸೊ ಕರ್ ಸರೋವರದ ಬಳಿಗೆ ಇಳಿದೆವು. ಪಕ್ಕದ ಸಿಹಿನೀರಿನ ಸ್ಟಾರ್ಟ್ಸಾಪುಕ್ ತ್ಸೊ ಸರೋವರದಿಂದ ಇಲ್ಲಿಗೆ ಹರಿದು ಬರುವ ನೀರಿಗೆ ಹೊರಹೋಗುವ ದಾರಿಯೇ ಇಲ್ಲದ್ದರಿಂದ ಅದು ಅಲ್ಲೇ ಆವಿಯಾಗಿ, ದಡದುದ್ದಕ್ಕೂ ಉಪ್ಪಿನ ಬಿಳಿ ಪದರ ಉಳಿದಿದೆ. ಹಿಂದೆ ಚಾಂಗ್ಪಾ ಕುರಿಗಾಹಿಗಳು ಈ ಉಪ್ಪನ್ನು ಸಂಗ್ರಹಿಸಿ ಮಾರುತ್ತಿದ್ದರು.

ಫೋಟೊದ ಆಸೆಗೆ ನಮ್ಮ ಗುಂಪಿನದೇ ಒಂದು ವಾಹನ ದಾರಿ ಬಿಟ್ಟು ಬಯಲಿಗಿಳಿಯಿತು. ಪದರ ಹಪ್ಪಳದಂತೆ ಮುರಿದು ಚಕ್ರದಡಿಯಿಂದ ಕಪ್ಪು ಕೆಸರು ಚಿಮ್ಮಿತು. ಅದನ್ನು ಎಳೆದು ತೆಗೆಯಲು ಇನ್ನೊಂದು ವಾಹನವೂ ಇಳಿಯಬೇಕಾಯಿತು. ಆ ಗಾಯವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಸುತ್ತ ಹಳೆಯ ಚಕ್ರದ ಗುರುತುಗಳೂ ಬೇಕಾದಷ್ಟಿದ್ದವು.

ಈ ಜೌಗು ಪ್ರದೇಶ 2020ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಸಾಮಾನ್ಯವಾಗಿ ಎರಡೇ ಮೊಟ್ಟೆಯಿಡುವ ಕಪ್ಪು ಕೊರಳಿನ ಕ್ರೌಂಚ ಪಕ್ಷಿ ಇಲ್ಲಿ ಗೂಡು ಕಟ್ಟುವುದು ಪ್ರವಾಸಿಗರು ಮುಗಿಬೀಳುವ ಬೇಸಿಗೆಯಲ್ಲೇ. ಆದ್ದರಿಂದ ಲಡಾಖ್ ಆಡಳಿತವು ದಾರಿಯ ಅಂಚಿಗೆ ಗಡಿಕಲ್ಲುಗಳನ್ನು ನೆಟ್ಟು, ಅದರಾಚೆ ವಾಹನ ಇಳಿಸಿದವರಿಗೆ ಭಾರಿ ದಂಡ ವಿಧಿಸಬೇಕು. ಬೆಂಗಳೂರಿನಿಂದ ಗುಂಪುಗಳನ್ನು ಕರೆದೊಯ್ಯುವ ನಮ್ಮ ಪ್ರವಾಸ ಆಯೋಜಕರು ಆಮ್ಲಜನಕದ ಸಿಲಿಂಡರ್ ಬಗ್ಗೆ ಹೇಳುವಷ್ಟೇ ಕಟ್ಟುನಿಟ್ಟಾಗಿ ಈ ಮಾತನ್ನೂ ಹೊರಡುವ ಮೊದಲೇ ಹೇಳಬೇಕು.

– ಒಬ್ಬ ಓದುಗ, ಬೆಂಗಳೂರು