ಲಿಲಾವಿಗಿಟ್ಟ ಯಂತ್ರ ಚಾಲೂ ಮಾಡಿ ತೋರಿಸಲಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯಲ್ಲಿ ಬ್ಯಾಂಕುಗಳ ಹರಾಜು ಪ್ರಕಟಣೆ ಬಂದ ದಿನ ನಾನು ಮೊದಲು ಓದುವುದು ಅದನ್ನೇ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ದುಡಿಯುವವರು ಮೂರು ಜನ. ಫೌಂಡ್ರಿಯಿಂದ ಬರುವ ಎರಕದ ಮಾಲು ಅಳತೆಗೆ ತಿರುವಿ ಕೊಡುವುದು ನಮ್ಮ ಕಸುಬು. ಹೊಸ ಲೇತ್ ಕೊಳ್ಳುವ ತಾಕತ್ತು ನಮ್ಮಂಥವರಿಗಿಲ್ಲ. ಮುಚ್ಚಿದ ಕಾರ್ಖಾನೆಯ ಯಂತ್ರ ಲಿಲಾವಿಗೆ, ಅಂದರೆ ಹರಾಜಿಗೆ, ಬಂದರೆ ಅದೇ ನಮಗೆ ದಾರಿ. ಆದರೆ ಆ ದಾರಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯಬೇಕಾಗಿದೆ.

ಮೂರು ವರ್ಷದ ಹಿಂದೆ ಒಂದು ಬ್ಯಾಂಕಿನ ಲಿಲಾವಿನಲ್ಲಿ ಲೇತ್ ಹಿಡಿದೆ. ಪ್ರಕಟಣೆಯಲ್ಲಿ ಇದ್ದದ್ದು ‘ಲೇತ್ ಯಂತ್ರ – 1’ ಎಂದಷ್ಟೇ. ಯಾವ ಕಂಪನಿಯದು, ಬೆಡ್ಡು, ಅಂದರೆ ಯಂತ್ರದ ಉದ್ದನೆಯ ತಳ, ಎಷ್ಟು ಅಡಿ, ಎಷ್ಟು ವರ್ಷ ದುಡಿದದ್ದು, ಒಂದೂ ಇಲ್ಲ. ನೋಡಲು ಕೊಟ್ಟದ್ದು ಒಂದೇ ದಿನ. ಹೋದರೆ ಶೆಡ್ಡಿನಲ್ಲಿ ಕತ್ತಲೆ. ಬಿಲ್ಲು ಬಾಕಿ ಉಳಿದು ಕರೆಂಟು ಕಡಿದು ವರ್ಷವಾಗಿತ್ತಂತೆ. “ಒಮ್ಮೆ ಚಾಲೂ ಮಾಡಿ ತೋರಸಪಾ” ಅಂದೆ. “ಕರೆಂಟ್ ಎಲ್ಲೈತ್ರಿ ಅಣ್ಣಾರ, ಕೈಲೆ ತಿರುವಿ ನೋಡ್ರಿ” ಅಂದ ಕಾವಲಿನ ಹುಡುಗ. ಮೊಬೈಲ್ ಬೆಳಕಿನಲ್ಲಿ ನೋಡಿದೆ, ತುಂಡನ್ನು ಹಿಡಿದು ತಿರುಗಿಸುವ ಚಕ್ಕು ಕೈಗೆ ಸಲೀಸಾಗಿ ತಿರುಗಿತು. ಹರಿಹರದ ಕಿರ್ಲೋಸ್ಕರ್ ಲೇತ್. ಆ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ಅದರ ಲೇತುಗಳು ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ದುಡಿಯುತ್ತಿವೆ. ಆ ಧೈರ್ಯದ ಮೇಲೆ ಬೆಲೆ ಕೂಗಿ ಸವಾಲು ಹಾಕಿದೆ.

ಸವಾಲಿನ ಹಣದ ಮೇಲೆ 18% ಜಿಎಸ್‌ಟಿ, ಕ್ರೇನು, ಲಾರಿ, ಹಮಾಲಿ. ಶೆಡ್ಡಿಗೆ ತಂದು ಮೋಟಾರಿನ ಮುಚ್ಚಳ ಬಿಚ್ಚಿದರೆ ಒಳಗೆ ತಾಮ್ರವೇ ಇಲ್ಲ. ತಾಮ್ರದ ತಂತಿಯ ಸುತ್ತು, ವೈಂಡಿಂಗ್, ಪೂರ್ತಿ ಎಳೆದುಕೊಂಡು ಹೋಗಿ ಮುಚ್ಚಳ ಮತ್ತೆ ಬೋಲ್ಟ್ ಹಾಕಿ ಕೂರಿಸಿದ್ದರು. ಬೇರೆ ಮೋಟಾರು ಹಾಕಿ, ಒಂದಡಿ ಉದ್ದದ ಶಾಫ್ಟ್ ತಿರುವಿದೆವು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ! ಚಕ್ಕಿನ ಹತ್ತಿರ ಬೆಡ್ಡು ಸವೆದುಹೋಗಿತ್ತು. ದುಡಿತವೆಲ್ಲ ಅಲ್ಲೇ ನಡೆಯುವುದರಿಂದ ಮೊದಲು ಸವೆಯುವುದೂ ಅಲ್ಲೇ. ಬೆಡ್ ಗ್ರೈಂಡಿಂಗ್ ಮಾಡಿಸಿ ಯಂತ್ರ ದಾರಿಗೆ ಬರುವ ಹೊತ್ತಿಗೆ ಅದಕ್ಕೆ ಕೊಟ್ಟದ್ದರಲ್ಲಿ ಅರ್ಧದಷ್ಟು ಮತ್ತೆ ಖರ್ಚಾಯಿತು. ಎರಡು ತಿಂಗಳು ಕೆಲಸ ನಿಂತಿತು. ಈಗ ಯಾರು ಕೇಳಿದರೂ ಹೇಳುತ್ತೇನೆ: ಕರೆಂಟಿಲ್ಲದಿದ್ದರೂ, ಕಡೆಯುವ ಉಳಿ ಹೊತ್ತು ಬೆಡ್ಡಿನ ಮೇಲೆ ಓಡುವ ಕ್ಯಾರೇಜನ್ನು ಕೈಯಿಂದಲೇ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿ. ಚಕ್ಕಿನ ಕಡೆ ಸಡಿಲಾಗಿ ಬಂದು ಎದುರು ತುದಿಯ ಟೇಲ್‌ಸ್ಟಾಕ್ ಕಡೆ ಬಿಗಿಯಾದರೆ ಬೆಡ್ಡು ಸವೆದಿದೆ ಎಂದೇ ಅರ್ಥ. ಮೋಟಾರಿನ ಮುಚ್ಚಳ ಬಿಚ್ಚಿಸದೆ ಸವಾಲು ಹಾಕಬೇಡಿ.

‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತು ಹಾಕಿಯೇ ಮಾರುತ್ತೇವೆ, ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ನೋಡಲು ಬಿಟ್ಟರಲ್ಲವೇ ನೋಡುವುದು? ಸಾಲ ತೀರದಿದ್ದರೆ ಒತ್ತೆಯಿಟ್ಟ ಸ್ವತ್ತನ್ನು ಬ್ಯಾಂಕು ಜಪ್ತಿ ಮಾಡಿ ಮಾರಲು ಬಿಡುವ 2002ರ ಸರ್ಫೇಸಿ ಕಾಯ್ದೆಯ ಜೊತೆಗೆ ಅದೇ ವರ್ಷ ಬಂದ ನಿಯಮಗಳನ್ನು ಒಬ್ಬ ವಕೀಲರ ಹತ್ತಿರ ಕೂತು ಓದಿಸಿಕೊಂಡೆ. ಜಪ್ತಿಯ ಹೊತ್ತಿಗೆ ಪಂಚನಾಮೆ ಮಾಡಿ ಸಾಮಾನಿನ ಪಟ್ಟಿ ಬರೆಯಬೇಕು. ವಶಕ್ಕೆ ಪಡೆದ ಸ್ವತ್ತನ್ನು ವಿವೇಕವುಳ್ಳ ಮಾಲೀಕ ತನ್ನದನ್ನು ಕಾಯ್ದುಕೊಳ್ಳುವಂತೆ ಕಾಯಬೇಕು. ಬಹಿರಂಗ ಲಿಲಾವಾದರೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಒಂದು ಸ್ಥಳೀಯ ಭಾಷೆಯದೇ ಇರಬೇಕು. ಅದರಲ್ಲಿ ಯಂತ್ರದ ವಿವರ, ಗುರುತಿನ ಸಂಖ್ಯೆ, ಕೊಳ್ಳುವವನಿಗೆ ಬೆಲೆ ಅಳೆಯಲು ಬೇಕಾದ ಇತರ ಸಂಗತಿ ಇರಬಹುದು ಎಂದಿದೆ. ಆ ‘ಇರಬಹುದು’ ಎಂಬ ಒಂದು ಮಾತಿನ ಸಂದಿಯಲ್ಲೇ ಎಲ್ಲವೂ ಬಿಟ್ಟುಹೋಗುತ್ತಿದೆ. ಪಟ್ಟಿ ಬ್ಯಾಂಕಿನ ಕಡತದಲ್ಲಿ ಆಗಲೇ ಇರುತ್ತದೆ. ಅದನ್ನೇ ಕನ್ನಡದಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಲು ಏನು ಕಷ್ಟ? ಬ್ಯಾಂಕಿನ ವಶದಲ್ಲಿರುವ ಮೋಟಾರಿನಿಂದ ತಾಮ್ರ ಹೇಗೆ ಹೋಯಿತು ಎಂಬುದಕ್ಕೂ ಯಾರಾದರೂ ಉತ್ತರ ಕೊಡಬೇಕಲ್ಲ!

ಇನ್ನೊಂದು ನೋವು ಲಾಟಿನದು, ಅಂದರೆ ಹಲವು ಯಂತ್ರ ಒಟ್ಟುಗೂಡಿಸಿ ಮಾರುವುದರದು. ರಬಕವಿ-ಬನಹಟ್ಟಿಯಲ್ಲಿ ನಮ್ಮ ಭಾವನವರು ಪವರ್‌ಲೂಮ್ ನಡೆಸುತ್ತಾರೆ. ಅವರ ಓಣಿಯ ಸಮೀಪದಲ್ಲೇ ಒಂದು ಮುಚ್ಚಿದ ಘಟಕದ ಹನ್ನೆರಡು ಮಗ್ಗ ಲಿಲಾವಿಗೆ ಬಂದವು. ಅವರಿಗೆ ಬೇಕಿದ್ದದ್ದು ಎರಡು. ಬ್ಯಾಂಕಿನವರು ಹನ್ನೆರಡನ್ನೂ ಒಂದೇ ಲಾಟು ಮಾಡಿದ್ದರು. ಠೇವಣಿ ಹಣವನ್ನೇ ಕೂಡಿಸಲಾಗದೆ ಇವರು ಹಿಂದೆ ಸರಿದರು. ಲಾಟು ಹಿಡಿದದ್ದು ಗುಜರಿಯವರು, ನಾವು ಭಂಗಾರದವರು ಅನ್ನುತ್ತೇವಲ್ಲ ಅವರು. ಮರುದಿನ ಸುತ್ತಿಗೆ ತಂದು ಬೀಡು ಕಬ್ಬಿಣದ ಸೈಡ್ ಫ್ರೇಮುಗಳನ್ನು ಒಡೆದು ಟ್ರಕ್ಕಿಗೆ ತುಂಬಿದರು. ಅವರನ್ನು ದೂರುವುದಿಲ್ಲ, ಹಣ ಕೊಟ್ಟಿದ್ದಾರೆ, ತೂಕಕ್ಕೆ ಮಾರುವುದು ಅವರ ವ್ಯಾಪಾರ. ಆದರೆ ನೇಯುತ್ತಿದ್ದ ಮಗ್ಗ ಕಿಲೋ ಲೆಕ್ಕದಲ್ಲಿ ಹೋದದ್ದನ್ನು ಭಾವನವರು ಇವತ್ತಿಗೂ ಮರೆತಿಲ್ಲ. ಅದೇ ನಿಯಮಗಳಲ್ಲಿ ‘ಪ್ರತಿ ಲಾಟಿನ ಬೆಲೆ’ ಎಂಬ ಮಾತು ಇದೆ. ಬಿಡಿಬಿಡಿಯಾಗಿ ಮಾರಲು ಅಡ್ಡಿಯೇನಿಲ್ಲ ಎಂದಾಯಿತು. ಹಾಗೆ ಮಾರಿದರೆ ಬರುವ ಬೆಲೆಯೂ ಹೆಚ್ಚಬಹುದು. ಆ ಹಣ ಜಮೆಯಾಗುವುದು ಮುಳುಗಿದ ಮಾಲೀಕನ ಸಾಲಕ್ಕೆ. ಯಂತ್ರ ಗುಜರಿ ಬೆಲೆಗೆ ಹೋದಷ್ಟೂ ಅವನ ತಲೆಯ ಮೇಲೆ ಬಾಕಿ ಉಳಿಯುತ್ತದೆ.

ಈಗ ಹೆಚ್ಚಿನ ಲಿಲಾವು ಆನ್‌ಲೈನಿಗೆ ಹೋಗಿವೆ. ಅಲ್ಲಿನ ಇಂಗ್ಲಿಷ್ ಷರತ್ತುಗಳನ್ನು ಓದಿಸಲು ಮಗಳನ್ನೇ ಕೂರಿಸಿಕೊಳ್ಳಬೇಕು. ಅದನ್ನಾದರೂ ಕಲಿಯಬಹುದು, ಯಂತ್ರದ ಸದ್ದು ಕೇಳದೆ ಮಾತ್ರ ಕೊಳ್ಳಲಾಗದು.

ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕಿನವರು ಈ ಪತ್ರ ಓದಲಿ. ಯಂತ್ರ ನೋಡುವ ದಿನ ಬಾಡಿಗೆ ಜನರೇಟರ್ ತಂದು ಎರಡು ತಾಸು ಚಾಲೂ ಮಾಡಿ ತೋರಿಸಿ. ಅದರ ಮೇಲೆ ದುಡಿದ ಆಪರೇಟರ್ ಬಹುಪಾಲು ಪಕ್ಕದ ಶೆಡ್ಡಿನಲ್ಲೇ ಇರುತ್ತಾನೆ, ಅವನನ್ನು ಕರೆಸಿ. ಆ ಬಾಡಿಗೆಯಲ್ಲಿ ನಮ್ಮ ಪಾಲನ್ನು ನಾವೇ ಕೊಡುತ್ತೇವೆ. ನಿಮ್ಮ ಪತ್ರಿಕೆಯೂ ಈ ಪ್ರಕಟಣೆಗಳ ಅಕ್ಷರವನ್ನು ಸ್ವಲ್ಪ ದೊಡ್ಡದು ಮಾಡಬೇಕೆಂದು ವಿನಂತಿ. ಇವನ್ನು ಓದುವವರು ರಾತ್ರಿ ಕೆಲಸ ಮುಗಿಸಿ, ಎಣ್ಣೆ ಹತ್ತಿದ ಕೈಯಲ್ಲೇ ಪೇಪರ್ ಹಿಡಿಯುವ ಜನ.

– ಒಬ್ಬ ವರ್ಕ್‌ಶಾಪ್ ಮಾಲೀಕ, ಉದ್ಯಮಬಾಗ, ಬೆಳಗಾವಿ